ಒಂದೇ ನೆಲ, ಎರಡು ಮಾತು

ಶುಭ ಶುಕ್ರವಾರದಂದು ನಮ್ಮ ದೇವಾಲಯಗಳಲ್ಲಿ ಸಂಗ್ರಹವಾಗುವ ಕಾಣಿಕೆ ಪವಿತ್ರ ನಾಡಿಗೆ ಮೀಸಲು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಥೋಲಿಕ ಕುಟುಂಬಗಳಿಗೂ ಹೀಗೆ ಆ ನಾಡಿನೊಡನೆ ನಂಟಿದೆ. ಯೇಸುಸ್ವಾಮಿ ನಡೆದಾಡಿದ ನೆಲದಲ್ಲಿ ಅರಬರೂ ಯೆಹೂದ್ಯರೂ ಏಕೆ ಕಾದಾಡುತ್ತಾರೆಂದು ಮಕ್ಕಳು ಕೇಳಿದರೆ ನಮ್ಮ ಉತ್ತರವೇನು?

ಇದು ಇಸಾಕ, ಇಷ್ಮಾಯೇಲರ ಕಾಲದ ವೈರವೆಂದು ಹೇಳುವುದು ಸುಲಭ. ಆದರೆ ರಾಜ್ಯಕ್ಕಾಗಿ ಹುಟ್ಟಿದ ಈ ಕಲಹ ಇತ್ತೀಚಿನದು. ಯುರೋಪಿನಲ್ಲಿ ಕಿರುಕುಳಕ್ಕೆ ಒಳಗಾದ ಯೆಹೂದ್ಯರು 1897ರಲ್ಲಿ ಬಾಸೆಲ್ ನಗರದಲ್ಲಿ ಸಭೆ ಸೇರಿ ಪ್ಯಾಲೆಸ್ತೀನಿನಲ್ಲಿ ನೆಲೆ ಬೇಕೆಂದರು. ಅಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದ ಅರಬರೋ ತುರ್ಕರ ಆಳ್ವಿಕೆಯಿಂದ ಬಿಡುಗಡೆ ಬಯಸಿದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು 1915-16ರ ಪತ್ರಗಳಲ್ಲಿ ಅರಬರಿಗೆ ಸ್ವಾತಂತ್ರ್ಯದ ಭರವಸೆಯಿತ್ತರು. 1917ರ ನವೆಂಬರ್ 2ರ ಬಾಲ್‌ಫೋರ್ ಘೋಷಣೆಯಲ್ಲಿ ಯೆಹೂದ್ಯರಿಗೆ ರಾಷ್ಟ್ರೀಯ ನೆಲೆಯ ಮಾತು ಕೊಟ್ಟರು. ಒಂದೇ ಹೊಲವನ್ನು ಇಬ್ಬರಿಗೆ ಬರೆದುಕೊಟ್ಟರೆ ಏನಾಗುವುದೆಂದು ನಮ್ಮ ರೈತರಿಗೆ ವಿವರಿಸಬೇಕಿಲ್ಲ.

ಈ ಕಥೆಯಲ್ಲಿ ನಮ್ಮವರೂ ಇದ್ದರು. ಅಂದು ಈ ನಾಲ್ಕೂ ತಾಲ್ಲೂಕುಗಳು ಸೇರಿದ್ದ ಮೈಸೂರು ಸಂಸ್ಥಾನದ ಅಶ್ವಸೈನಿಕರು ಜೋಧಪುರದ ಸವಾರರೊಡನೆ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ವಶಪಡಿಸಿಕೊಂಡರು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನೇ ಏರಿತು. ಅದು ಪ್ರವಾದಿ ಎಲೀಯನ ಬೆಟ್ಟ. ಕಾರ್ಮೆಲ್ ಮಾತೆಗೆ ಹೆಸರಿತ್ತ ಬೆಟ್ಟ.

ಬಳಿಕ ಬ್ರಿಟಿಷರ ಆಡಳಿತದಲ್ಲಿ, ವಿಶೇಷವಾಗಿ 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ, ಯೆಹೂದ್ಯರ ವಲಸೆ ಹೆಚ್ಚಿತು. ನೆಲ ಕೈತಪ್ಪುವ ಭಯದಿಂದ ಅರಬರು 1936ರಲ್ಲಿ ದಂಗೆಯೆದ್ದರು. 1947ರ ನವೆಂಬರ್ 29ರಂದು ವಿಶ್ವಸಂಸ್ಥೆ 33-13 ಮತಗಳಿಂದ ವಿಭಜನೆಯನ್ನು ಅಂಗೀಕರಿಸಿತು. ಆಗಷ್ಟೇ ವಿಭಜನೆಯ ನೋವುಂಡಿದ್ದ ಭಾರತ ವಿರೋಧಿಸಿತು. 1948ರ ಮೇ 14ರಂದು ಇಸ್ರೇಲ್ ಉದಯಿಸಿತು. ಮರುದಿನ ನೆರೆಯ ಅರಬ್ ಸೇನೆಗಳು ನುಗ್ಗಿದವು. ಆ ಯುದ್ಧಕಾಲದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆ ಕಳೆದುಕೊಂಡರು. ಅವರಲ್ಲಿ ಕ್ರೈಸ್ತರೂ ಇದ್ದರು. ಅರಬ್ ದೇಶಗಳಿಂದ ಯೆಹೂದ್ಯರೂ ಗುಳೆ ಹೊರಟರು.

ಜಗದ್ಗುರು 12ನೇ ಪಿಯುಸ್ 1948ರಲ್ಲಿಯೇ ಜೆರುಸಲೇಮಿಗೆ ಅಂತರರಾಷ್ಟ್ರೀಯ ಸ್ಥಾನಮಾನ ಕೋರಿದರು. ಪವಿತ್ರ ಪೀಠ 1993ರಲ್ಲಿ ಇಸ್ರೇಲಿನೊಡನೆ, 2015ರಲ್ಲಿ ಪ್ಯಾಲೆಸ್ತೀನಿನೊಡನೆ ಒಪ್ಪಂದ ಮಾಡಿಕೊಂಡಿತು. ಒಬ್ಬರ ಕಣ್ಣೀರನ್ನು ಮಾತ್ರ ಕಾಣುವುದು ಧರ್ಮಸಭೆಯ ದಾರಿಯಲ್ಲ.

ಪ್ರಿಯ ಓದುಗರೇ, ಅಬ್ರಹಾಮನು ತೀರಿಕೊಂಡಾಗ ಇಸಾಕನೂ ಇಷ್ಮಾಯೇಲನೂ ಜೊತೆಯಾಗಿ ತಂದೆಗೆ ಸಮಾಧಿ ಮಾಡಿದರೆಂದು ಆದಿಕಾಂಡದ 25ನೇ ಅಧ್ಯಾಯ ತಿಳಿಸುತ್ತದೆ. ಮುಂದಿನ ಶುಭ ಶುಕ್ರವಾರ ಕಾಣಿಕೆ ಹಾಕುವಾಗ ಮಕ್ಕಳಿಗೆ ಇದನ್ನೂ ಹೇಳೋಣ, ಇಬ್ಬರಿಗಾಗಿಯೂ ಪ್ರಾರ್ಥಿಸೋಣ.