ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದರೆ ನುಡಿ ಕಡತಗಳ ಗತಿಯೇನು?

ಪ್ರಶ್ನೆ: ವಿಂಡೋಸ್ 10 ಇರುವ ಹಳೆ ಲ್ಯಾಪ್‌ಟಾಪಿಗೆ ಮನೆಯಲ್ಲೇ ಲಿನಕ್ಸ್ ಹಾಕಬೇಕೆಂದಿದ್ದೇನೆ. ದ್ರಾಕ್ಷಿ ತೋಟದ ಲೆಕ್ಕವೆಲ್ಲ ನುಡಿ ತಂತ್ರಾಂಶದಲ್ಲಿದೆ. ಉಳಿಯುತ್ತದೆಯೇ?
– ಓದುಗರು, ತಿಕೋಟಾ

ಉತ್ತರ: ಮೊದಲು ಲೆಕ್ಕವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಡಿ. ವಿಜಯಪುರದ ರಿಪೇರಿ ಅಂಗಡಿಗೆ ಒಯ್ದರೂ ಅಷ್ಟೇ; ‘ಫಾರ್ಮ್ಯಾಟ್ ಮಾಡೂಣೇನ್ರೀ?’ ಎಂದು ಕೇಳಿದ ಮೇಲೆ ನೆನಪಾದರೆ ತಡವಾಯಿತು.

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿರುವುದರಿಂದ ನಿಮ್ಮ ಯೋಚನೆ ಸರಿಯಾದದ್ದೇ. 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್ ನಡೆಯುತ್ತದೆ. ಅದನ್ನು ಪೆನ್‌ಡ್ರೈವಿನಿಂದಲೇ ಓಡಿಸಿ, ವೈಫೈ, ಧ್ವನಿ, ಪ್ರಿಂಟರ್ ನೋಡಿಕೊಳ್ಳಿ. ಅಲ್ಲಿಯವರೆಗೆ ಹಾರ್ಡ್‌ಡಿಸ್ಕಿಗೆ ಏನೂ ಆಗುವುದಿಲ್ಲ. ಹಾಕುವಾಗ ‘ಡಿಸ್ಕ್ ಅಳಿಸು’ ಎಂಬ ಆಯ್ಕೆ ಒತ್ತಿದರೆ ವಿಂಡೋಸ್, ಕಡತ ಎರಡೂ ಹೋದಂತೆ. ಕರೆಂಟ್ ನಂಬಬೇಡಿ, ಬ್ಯಾಟರಿ ತುಂಬಿರಲಿ.

ಇನ್ನು ನುಡಿ. ಹಳೆಯ ನುಡಿ ಫಾಂಟುಗಳು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದಂಥವು. ಫಾಂಟ್ ಇಲ್ಲದ ಯಂತ್ರದಲ್ಲಿ ನಿಮ್ಮ ಲೆಕ್ಕ ಬರೀ ಗೀಚಿದಂತೆ ಕಾಣುತ್ತದೆ. ಕಡತ ಕೆಟ್ಟಿಲ್ಲ, ಗಾಬರಿ ಬೇಡ. ಆ ಫಾಂಟನ್ನು ಲಿನಕ್ಸಿಗೂ ಹಾಕಿ, ಇಲ್ಲವೇ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿಕೊಳ್ಳಿ. ಟೈಪ್ ಮಾಡಲು ಕೀಲಿಮಣೆ ಪಟ್ಟಿಯಲ್ಲಿ ‘ಕಗಪ’ ಹುಡುಕಿ. ಕನ್ನಡ ಗಣಕ ಪರಿಷತ್ತಿನ ಆ ವಿನ್ಯಾಸ ನುಡಿ ಬಳಸಿದ ನಿಮ್ಮ ಬೆರಳಿಗೆ ಹೊಸದೇನಲ್ಲ.