ಗುಡಿಯ ಕಥೆ, ಮಣ್ಣಿನ ಸಾಕ್ಷಿ

ನಿಮ್ಮ ಊರಲ್ಲಿ ಹಳೆಯ ಗುಡಿ ಇದೆಯಲ್ಲವೇ? ಅದಕ್ಕೊಂದು ಕಥೆಯೂ ಇರುತ್ತದೆ. ‘ಈ ಗುಡಿ ಒಂದೇ ರಾತ್ರಿಯಲ್ಲಿ ಎದ್ದಿತು’ ಅಂತ ಒಬ್ಬರು ಹೇಳುತ್ತಾರೆ. ‘ಕೆಳಗೆ ಹೊನ್ನಿನ ಕೊಪ್ಪರಿಗೆ ಐತಿ’ ಅಂತ ಇನ್ನೊಬ್ಬರು ಹೇಳುತ್ತಾರೆ. ಇದು ಖರೇನೋ ಸುಳ್ಳೋ? ನೆಲ ಅಗೆದು ನೋಡಬೇಕೇ? ನಮ್ಮ ಭೀಮಾ ನದಿಯ ದಂಡೆಯ ಎರಡು ಊರುಗಳನ್ನು ನೋಡೋಣ ಬನ್ನಿ.

ಮೊದಲನೆಯದು ನಮ್ಮ ದಕ್ಷಿಣ ಸೊಲ್ಲಾಪುರ ತಾಲೂಕಿನ ಹತ್ತರಸಂಗ ಕೂಡಲ. ಕೂಡಲ ಅಂದರೆ ನದಿಗಳು ಕೂಡುವ ಜಾಗ. ಇಲ್ಲಿ ಸೀನಾ ನದಿ ಭೀಮೆಯನ್ನು ಸೇರುತ್ತದೆ. ಇಲ್ಲಿನ ಹರಿಹರೇಶ್ವರ ಗುಡಿ ಮಣ್ಣಿನಲ್ಲಿ ಹೂತಿತ್ತು. ಮಣ್ಣು ತೆಗೆದಾಗ ಒಂದು ದೊಡ್ಡ ಲಿಂಗ ಸಿಕ್ಕಿತು. ಅದರ ಮೈಮೇಲೆ 359 ಸಣ್ಣ ಮುಖಗಳಿವೆ! ಪಕ್ಕದ ಸಂಗಮೇಶ್ವರ ಗುಡಿಯಲ್ಲಿ 1018ನೇ ಇಸವಿಯ ಶಾಸನವಿದೆ. ಶಾಸನ ಅಂದರೆ ಕಲ್ಲಿನ ಮೇಲಿನ ಬರಹ. ಬಹಳ ಹಳೆಯ ಮರಾಠಿ ಬರಹಗಳಲ್ಲಿ ಅದೂ ಒಂದು.

ಅದೇ ಭೀಮೆ ಮುಂದೆ ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗುತ್ತದೆ. ಅಲ್ಲಿ ಚಂದ್ರಲಾಂಬೆಯ ಗುಡಿ ಇದೆ. ದೇವಿ ದುಂಬಿಗಳ ರೂಪದಲ್ಲಿ ದುಷ್ಟ ರಾಜನನ್ನು ಸೋಲಿಸಿದಳು ಎಂಬುದು ಅಲ್ಲಿನ ಕಥೆ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಆಗ ಮೂರ್ತಿಯ ಪೀಠದ ಕಲ್ಲು ಕಣ್ಣಿಗೆ ಬಿತ್ತು. ಅದರ ಮೇಲೆ ಅಶೋಕ ರಾಜನ ಆಜ್ಞೆಗಳಿದ್ದವು. 2,200 ವರ್ಷಕ್ಕೂ ಹಿಂದಿನ ಬರಹ! ಪೀಠ ಮಾಡುವಾಗ ಯಾರೋ ಕಲ್ಲಿಗೆ ತೂತು ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಹೋದವು. ಅವು ಮತ್ತೆ ಬರುವುದಿಲ್ಲ.

ಮುಂದೆ ಪುರಾತತ್ವ ಇಲಾಖೆಯವರು ಹತ್ತಿರದ ಕನಗನಹಳ್ಳಿಯಲ್ಲಿ ನೆಲ ಅಗೆದರು. ಬೌದ್ಧರ ದೊಡ್ಡ ಸ್ತೂಪ ಸಿಕ್ಕಿತು. ಒಂದು ಕಲ್ಲಿನಲ್ಲಿ ರಾಜ, ರಾಣಿಯ ಚಿತ್ರ ಕೆತ್ತಿದೆ. ಮೇಲೆ ‘ರಾಯ ಅಶೋಕ’ ಎಂದು ಹೆಸರೂ ಬರೆದಿದೆ.

ಈಗ ಯೋಚನೆ ಮಾಡ್ರಿ. ಮಣ್ಣು ಏನು ಹೇಳಿತು? ಯಾರು ಕಟ್ಟಿದರು, ಯಾವಾಗ ಕಟ್ಟಿದರು ಎಂದು ಹೇಳಿತು. ದೇವಿ ದುಂಬಿಯಾಗಿ ಬಂದಳೋ ಇಲ್ಲವೋ ಎಂದು ಹೇಳಲಿಲ್ಲ. ಅದನ್ನು ಸಲಿಕೆ, ಗುದ್ದಲಿ ಹೇಳಲಾರವು. ಅದು ಜನರ ನಂಬಿಕೆಯ ಮಾತು. ಆದ್ದರಿಂದ ಕಥೆಯನ್ನು ಗೆಲ್ಲಿಸಲು ಅಗೆಯಬಾರದು. ಸೋಲಿಸಲೂ ಅಗೆಯಬಾರದು. ನಮ್ಮ ಹಿಂದಿನವರು ಹೇಗೆ ಬಾಳಿದರು ಎಂದು ತಿಳಿಯಲು ಅಗೆಯಬೇಕು.

ಅದನ್ನೂ ಬಲ್ಲವರೇ ಮಾಡಬೇಕು. ಯಾಕೆ ಗೊತ್ತೇ? ಹಳೆಯ ನೆಲ ಪದರು ಪದರಾಗಿ ಇರುತ್ತದೆ. ಕೆಳಗಿನ ಪದರು ಹಳೆಯದು, ಮೇಲಿನದು ಹೊಸದು. ಬಲ್ಲವರು ಒಂದೊಂದೇ ಪದರು ತೆಗೆಯುತ್ತಾರೆ, ಅಳೆಯುತ್ತಾರೆ, ಬರೆದಿಡುತ್ತಾರೆ. ಒಮ್ಮೆ ಅಗೆದ ಪದರು ಮತ್ತೆ ಕೂಡುವುದಿಲ್ಲ. ನಿಧಿಯ ಆಸೆಗೆ ರಾತ್ರೋರಾತ್ರಿ ಅಗೆಯುವವರು ಈ ಸಾಕ್ಷಿಯನ್ನೇ ಹಾಳು ಮಾಡುತ್ತಾರೆ. ರಕ್ಷಿತ ಸ್ಮಾರಕದಲ್ಲಿ ಅಪ್ಪಣೆ ಇಲ್ಲದೆ ಅಗೆಯುವುದು 1958ರ ಕಾಯದೆಯಂತೆ ಅಪರಾಧ.

ನೀವು ಏನು ಮಾಡಬಹುದು? ಶಾಸನದ ಕಲ್ಲಿಗೆ ಸುಣ್ಣ, ಬಣ್ಣ ಬಳಿಯಬೇಡಿ. ಅದರ ಮೇಲೆ ಬಟ್ಟೆ ಒಗೆಯಬೇಡಿ. ಹೊಲದಲ್ಲಿ ಹಳೆಯ ಮೂರ್ತಿ, ನಾಣ್ಯ ಸಿಕ್ಕರೆ ಮುಚ್ಚಿಡಬೇಡಿ. ತಲಾಠಿಗೆ, ಗ್ರಾಮ ಪಂಚಾಯಿತಿಗೆ ತಿಳಿಸಿ. ಅಜ್ಜಿ ಹೇಳುವ ಗುಡಿಯ ಕಥೆಯನ್ನೂ ಬಿಡಬೇಡಿ. ಈಗ ನಿಮಗೆ ಅಕ್ಷರ ಬರುತ್ತದೆ. ಆ ಕಥೆಯನ್ನು ಒಂದು ವಹಿಯಲ್ಲಿ ಬರೆದಿಡಿ.