ತೆರೆಯದ ಅರ್ಜಿ, ಕಾದ ಕುಟುಂಬಗಳು

ಅಮೆರಿಕದಲ್ಲಿ ಕಾಲೇಜು ಸೇರಬಯಸುವ ವಿದ್ಯಾರ್ಥಿಯು ಕಡಿಮೆ ಆದಾಯದವರಿಗೆ ಸರ್ಕಾರ ನೀಡುವ ಪೆಲ್ ಅನುದಾನವನ್ನಾಗಲಿ, ಸರ್ಕಾರದ ವಿದ್ಯಾರ್ಥಿ ಸಾಲವನ್ನಾಗಲಿ ಪಡೆಯಬೇಕಾದರೆ ಮೊದಲು ತುಂಬಬೇಕಾದುದು ‘ಫ್ಯಾಫ್ಸಾ’ ಎಂಬ ಅರ್ಜಿಯನ್ನು. ಅದರ ಪ್ರಶ್ನೆಗಳನ್ನು ತಗ್ಗಿಸಿ, ಆದಾಯದ ವಿವರಗಳು ತೆರಿಗೆ ಇಲಾಖೆಯಿಂದಲೇ ನೇರವಾಗಿ ಬರುವಂತೆ ಮಾಡಬೇಕೆಂಬ ಸದುದ್ದೇಶದಿಂದ ಅಲ್ಲಿನ ಸಂಸತ್ತು 2020ರಲ್ಲಿ ಶಾಸನವೊಂದನ್ನು ರಚಿಸಿತಾದರೂ, ವಾಡಿಕೆಯಂತೆ ಅಕ್ಟೋಬರ್ 1ರಂದು ತೆರೆಯಬೇಕಾಗಿದ್ದ ಹೊಸ ಅರ್ಜಿಯು ತೆರೆದುದು 2023ರ ಡಿಸೆಂಬರ್ 30ರಂದು. ಅದೂ ಮೊದಲ ದಿನಗಳಲ್ಲಿ ಅಲ್ಪಕಾಲ ಮಾತ್ರ.

ಎಲ್ಲರಿಗಿಂತ ಹೆಚ್ಚು ನೊಂದವರು ವಲಸಿಗರ ಮಕ್ಕಳು. ಜನ್ಮತಃ ನಾಗರಿಕಳಾಗಿ ನೆರವಿಗೆ ಸಂಪೂರ್ಣ ಅರ್ಹಳಾದ ಮಗಳ ಪಕ್ಕದಲ್ಲಿ, ದುಡಿದು ದಣಿದು ಬಂದ ತಾಯಿಯು ರಾತ್ರಿ ಕುಳಿತು ತನ್ನ ಹೆಸರು, ವಿಳಾಸ, ಜನ್ಮದಿನಾಂಕಗಳನ್ನು ಒಂದೊಂದಾಗಿ ಹೇಳಿ ಬರೆಸಿದರೂ, ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಗುರುತಿನ ಸಂಖ್ಯೆ ಆಕೆಗಿಲ್ಲವೆಂಬ ಒಂದೇ ಕಾರಣದಿಂದ ಪರದೆಯು ಮುಂದಕ್ಕೆ ಸರಿಯುತ್ತಿರಲಿಲ್ಲ. ಕಾನೂನು ಕೊಟ್ಟ ಹಕ್ಕನ್ನು ಯಂತ್ರವು ತಡೆಹಿಡಿದುದು, ನನ್ನ ಅಭಿಪ್ರಾಯದಲ್ಲಿ, ಕೇವಲ ತಾಂತ್ರಿಕ ದೋಷವಲ್ಲ, ಅನ್ಯಾಯವೇ ಸರಿ.

ಅರ್ಜಿಗಳ ದಾಖಲೆಗಳು ಕಾಲೇಜುಗಳಿಗೆ ತಲುಪತೊಡಗಿದುದು 2024ರ ಮಾರ್ಚ್ ತಿಂಗಳಲ್ಲಿ. ಎಷ್ಟು ನೆರವು ದೊರೆಯುವುದೆಂದು ತಿಳಿಯದೆ ಯಾವ ತಂದೆತಾಯಿಗಳು ತಾನೆ ಮಗುವಿನ ಕಾಲೇಜನ್ನು ನಿಶ್ಚಯಿಸಿಯಾರು? ಆದುದರಿಂದ ಅನೇಕ ಕಾಲೇಜುಗಳು ಪ್ರವೇಶವನ್ನು ಖಚಿತಪಡಿಸಬೇಕಾದ ಮೇ 1ರ ಗಡುವನ್ನು ಮುಂದೂಡಿದವು. ರಾಜ್ಯ ಸರ್ಕಾರಗಳ ಹಾಗೂ ಕಾಲೇಜುಗಳ ಗಡುವುಗಳು ಬೇರೆಬೇರೆಯಾಗಿದ್ದು, ಕೆಲವೆಡೆ ನಿಧಿಯು ಮೊದಲು ಬಂದವರಿಗೇ ಸಲ್ಲುವುದರಿಂದ, ಅರ್ಜಿಯನ್ನು ಬೇಗನೆ ಸಲ್ಲಿಸಿ, ದೃಢೀಕರಣದ ಪುಟವನ್ನು ಜೋಪಾನವಾಗಿರಿಸಿಕೊಂಡು, ತೊಡಕುಂಟಾದಾಗ ಕಾಲೇಜಿನ ನೆರವು ಕಚೇರಿಗೆ ಲಿಖಿತವಾಗಿ ತಿಳಿಸುವುದು ಕುಟುಂಬಗಳಿಗೆ ಕ್ಷೇಮಕರ. ಮುಂದಿನ ಶೈಕ್ಷಣಿಕ ವರ್ಷಕ್ಕಾಗಿ ಅಮೆರಿಕದ ಶಿಕ್ಷಣ ಇಲಾಖೆಯು ಮೊದಲು ಕೆಲವೇ ವಿದ್ಯಾರ್ಥಿಗಳೊಡನೆ ಪರೀಕ್ಷಿಸಿ ನೋಡಿ, 2024ರ ನವೆಂಬರಿನಲ್ಲಿ ಅರ್ಜಿಯನ್ನು ಎಲ್ಲರಿಗೂ ತೆರೆಯಿತು.